ಪರಂಗಿ ಹಾಲು, ಪರಂಗಿ ಹಣ್ಣು

ಅಕ್ಕಾ, ಬಚ್ಚಲ ನೀರು ಹೋಗೋ ಕಡೆ ನೆಟ್ಟಿದ್ರಲ್ಲ ಆ ಪರಂಗಿ ಗಿಡ, ಈ ಸಲ ಕುತ್ತಿಗೆ ಸುತ್ತ ಕಾಯಿ ಕಚ್ಚಿದೆ ನೋಡಿ! ಬುಡದಲ್ಲಿ ನೀರು ಮಾತ್ರ ನಿಲ್ಲೋಕೆ ಬಿಡಬೇಡಿ, ಬೇರು ಕೊಳೆತು ಹೋಗುತ್ತೆ.

ಮಾವನವರಿಗೆ ಬೆಳಿಗ್ಗೆ ಹೊಟ್ಟೆ ಸಲೀಸಾಗಲ್ಲ ಅಂದ್ರಲ್ಲ, ಹಣ್ಣಾದ್ಮೇಲೆ ದಿನಾ ಒಂದು ಬಟ್ಟಲು ಕೊಡಿ. ಪರಂಗೀಲಿ ಪಪೇನ್ ಇದೆ, ಅದೇ ಎಲ್ಲಾ ಅರಗಿಸಿಬಿಡುತ್ತೆ ಅಂತಾರೆ. ಇರೋದು ನಿಜ, ಆದ್ರೆ ಕಾಯೀಲಿ. ಹಸಿ ಕಾಯಿ ಮೇಲೆ ಉಗುರಲ್ಲಿ ಒಂದು ಗೀರು ಹಾಕಿ, ಬಿಳೀ ಹಾಲು ತೊಟ್ಟಿಕ್ಕುತ್ತೆ, ಬೆರಳಿಗೆ ಅಂಟಿ ಆಮೇಲೆ ತುರಿಕೆ. ಆ ಹಾಲನ್ನೇ ಇಳಿಸಿ ಒಣಗಿಸಿ ಪಪೇನ್ ತೆಗೆಯೋದು. ಪ್ರೋಟೀನನ್ನ ತುಂಡು ತುಂಡು ಮಾಡೋದು ಅದರ ಕೆಲಸ. ಬಲಿತ ಮಾಂಸಕ್ಕೆ ಪರಂಗಿ ಕಾಯಿ ಅರೆದು ಸವರಿಡ್ತಾರಲ್ಲ, ಮೆತ್ತಗೆ ಬೇಯೋದು ಅದಕ್ಕೇ. ಅನ್ನ, ಮುದ್ದೆಯ ಪಿಷ್ಟಕ್ಕೆ ಅದೇನೂ ಮಾಡಲ್ಲ.

ಕಾಯಿ ಹಣ್ಣಾಗ್ತಾ ಹಾಲು ನೀರಾಗುತ್ತೆ, ಚೆನ್ನಾಗಿ ಕಳಿತ ಹಣ್ಣಲ್ಲಿ ಪಪೇನ್ ಇಲ್ಲ ಅನ್ನೋಷ್ಟು ಕಮ್ಮಿ. ಮತ್ತೆ ಹೊಟ್ಟೆ ಹಗುರಾಗೋದು ಹೇಗೆ ಅಂತೀರಾ? 100 ಗ್ರಾಂ ಹಣ್ಣಲ್ಲಿ ಸುಮಾರು 88 ಗ್ರಾಂ ಬರೀ ನೀರು, ಜೊತೆಗೆ ಹೆಚ್ಚುಕಮ್ಮಿ 1.7 ಗ್ರಾಂ ನಾರು. ನಾರು ನೀರನ್ನ ಹಿಡ್ಕೊಳ್ಳುತ್ತೆ, ಮಲ ಗಟ್ಟಿಯಾಗೋಕೆ ಬಿಡಲ್ಲ. ನಾರಿನ ಲೆಕ್ಕಕ್ಕೆ ಸೀಬೆಹಣ್ಣೇ ಮುಂದು, ಅಷ್ಟೇ ತೂಕಕ್ಕೆ 5 ಗ್ರಾಂ ದಾಟುತ್ತೆ. ಆದ್ರೆ ಹಲ್ಲು ಬಿದ್ದಿರೋ ಮಾವನವರು ಸೀಬೆ ಬೀಜ ಎಲ್ಲಿ ಅಗೀತಾರೆ ಪಾಪ? ಪರಂಗಿ ನಾಲಿಗೆ ಮೇಲಿಟ್ರೆ ಸಾಕು. ವಯಸ್ಸಾದೋರಿಗೆ ನಾನು ಇದನ್ನೇ ಹೇಳೋದು ಅದಕ್ಕೆ. ನೀರು ಕುಡಿಯೋಕೂ ಜ್ಞಾಪಿಸ್ತಾ ಇರಿ, ಒಣಗಿದ ಹೊಟ್ಟೆಗೆ ನಾರು ಒಂದೇ ಹೋದ್ರೆ ಇನ್ನೂ ಕಟ್ಟಿಕೊಳ್ಳುತ್ತೆ. ರಕ್ತ ಕಾಣಿಸಿದ್ರೆ, ಸುಮ್ಸುಮ್ನೆ ತೂಕ ಇಳೀತಿದ್ರೆ ಹಣ್ಣು ನಂಬ್ಕೊಂಡು ಕೂರಬೇಡಿ, ಡಾಕ್ಟರ ಹತ್ರ ಕರ್ಕೊಂಡು ಹೋಗಿ.

ಮಗಳು ಬಾಣಂತನಕ್ಕೆ ಬರ್ತಾಳಲ್ಲ, ಅವಳಿಗೆ ಹೆರಿಗೆ ಆಗೋವರೆಗೂ ಕಾಯಿ ಪಲ್ಯ, ಅರೆಗಾಯಿ ಬೇಡವೇ ಬೇಡ. ನಮ್ಮ ಅಜ್ಜಿಯರು ಹೇಳ್ತಿದ್ದದ್ದು ಸರಿಯಾಗೇ ಇದೆ. ಇಲಿಗಳ ಗರ್ಭಕೋಶದ ಮೇಲೆ ಪರೀಕ್ಷೆ ಮಾಡಿದಾಗ ಈ ಹಾಲು ತಾಗಿದ್ದೇ ಅದು ಹಿಂಡಿಕೊಂಡಿತು, ಕಳಿತ ಹಣ್ಣಿನ ರಸಕ್ಕೆ ಹಾಗಾಗಲಿಲ್ಲ. ಆದ್ರೂ ಹಣ್ಣು ಕೊಡೋಕೆ ಮುಂಚೆ ಅವಳ ಡಾಕ್ಟರನ್ನ ಒಂದ್ಮಾತು ಕೇಳಿಬಿಡಿ. ಬಲೂನು, ರಬ್ಬರ್ ಕೈಗವಸು ಮುಟ್ಟಿದ್ರೆ ಮೈ ದದ್ದೇಳೋರೂ ಪರಂಗಿ ವಿಷಯದಲ್ಲಿ ಹುಷಾರಾಗಿರಬೇಕು.

ಆ ಕೆಳಗಿನ ಕಾಯಿ ಬಲಿತಿದೆ ಅಲ್ವಾ? ತುದೀಲಿ ಹಳದಿ ಗೆರೆ ಬಿದ್ದ ತಕ್ಷಣ ಕಿತ್ತು, ಪೇಪರಲ್ಲಿ ಸುತ್ತಿ ಅಕ್ಕಿ ಡಬ್ಬದಲ್ಲಿಟ್ಟುಬಿಡಿ. ಗಿಡದಲ್ಲೇ ಹಣ್ಣಾಗಲಿ ಅಂತ ಬಿಟ್ರೆ ಅಳಿಲು ನಿಮಗೆ ಉಳಿಸಲ್ಲ.