ಯುನಿಟ್ ಕಾಕಾ

ಡೊಂಬಿವಲಿಯ ಪ್ರತಿ ಸೊಸೈಟಿಯಲ್ಲೂ ಕರೆಂಟಿನ ಯುನಿಟ್ ಎಣಿಸುವವರೊಬ್ಬರು ಇದ್ದೇ ಇರುತ್ತಾರೆ. ಕಲ್ಯಾಣದಲ್ಲೂ ಇದ್ದಾರಂತೆ, ನವಿ ಮುಂಬಯಿಯವರು ಮಾತ್ರ ಸ್ವಲ್ಪ ಗತ್ತಿನವರು, ಮೊಬೈಲಿನಲ್ಲೇ ಲೆಕ್ಕ ಹಾಕುತ್ತಾರೆ. ನಮ್ಮ ಪಾಲಿಗೆ ಬಂದವರು ಧಾರವಾಡದ ಕಡೆಯವರು. ಕಾಕಾ ಎಂದರೆ ಧಾರವಾಡಕ್ಕೂ ಸೈ, ಮರಾಠಿಗೂ ಸೈ. ಹಾಗಾಗಿ ಇಡೀ ಬಿಲ್ಡಿಂಗಿಗೆ ಅವರು ಯುನಿಟ್ ಕಾಕಾ.

ಮನೆಗೆ ಬಂದರೆ ಅವರು ಮೊದಲು ನೋಡುವುದು ನಮ್ಮ ಮುಖವನ್ನಲ್ಲ, ಟಿವಿಯ ಕೆಂಪು ಚುಕ್ಕೆಯನ್ನು. ರಿಮೋಟಿನಿಂದ ಆರಿಸಿದ್ದು ಆರಿದಂತಲ್ಲ ಎಂದು ಗೋಡೆಯ ಸ್ವಿಚ್ಚಿಗೇ ಕೈ ಹಾಕುತ್ತಾರೆ. ಸೆಟ್‌ಟಾಪ್ ಬಾಕ್ಸ್ ಮತ್ತೆ ಕಣ್ಣು ಬಿಡುವಷ್ಟರಲ್ಲಿ ನನ್ನ ಹೆಂಡತಿಯ ಧಾರಾವಾಹಿಯಲ್ಲಿ ಒಂದು ಮದುವೆ ಮುರಿದಿರುತ್ತದೆ.

ಫ್ರಿಜ್ಜಿನ ಕಥೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ದೀಪಾವಳಿಯ ರಿಯಾಯಿತಿಯಲ್ಲಿ ಕೊಂಡ ಐದು ಸ್ಟಾರಿನ ಫ್ರಿಜ್ಜನ್ನು ಹೆಮ್ಮೆಯಿಂದ ತೋರಿಸಿದೆ. ಕಾಕಾ ಕನ್ನಡಕ ಏರಿಸಿ ಲೇಬಲ್ಲಿನ ಸಣ್ಣಕ್ಷರ ಓದಿ, “ತಮ್ಮಾ, ಇದು ಹ್ವಾದ ವರ್ಷದ ಪಂಚಾಂಗ” ಎಂದರು. ಸಿಟ್ಟು ಬಂತು. ಆದರೆ ಮಾತು ಸುಳ್ಳಲ್ಲ. 2006ರಲ್ಲಿ ಶುರುವಾದ, ಕರೆಂಟ್ ಉಳಿತಾಯದ ಈ ಸ್ಟಾರುಗಳಿಗೆ ಅವಧಿಯಿದೆ. ಆಗಾಗ ಪರೀಕ್ಷೆ ಬಿಗಿಯಾಗುತ್ತದೆ. 2022ರ ಜುಲೈನಲ್ಲಿ ಎಸಿಗಳ ಲೆಕ್ಕ ಬದಲಾದಾಗ ಐದು ಸ್ಟಾರಿನವು ರಾತ್ರಿ ಬೆಳಗಾಗುವುದರಲ್ಲಿ ನಾಲ್ಕಕ್ಕಿಳಿದವು. ಸ್ಟಾರ್ ಎಣಿಸುವ ಬದಲು ವರ್ಷಕ್ಕೆ ಎಷ್ಟು ಯುನಿಟ್ ಎಂಬುದನ್ನು ಓದಬೇಕಂತೆ. ನನಗಿದು ತಿಳಿದದ್ದು ಎರಡು ಕಂತು ಕಟ್ಟಿದ ಮೇಲೆ. ಅಂದಿನಿಂದ ನಮ್ಮ ಮನೆಯಲ್ಲಿ ಯಾರು ಫ್ರಿಜ್ ತೆರೆದರೂ ಕಾಕಾ “ಬಾಗಲಾ, ಬಾಗಲಾ!” ಎಂದು ಕೂಗುತ್ತಾರೆ. ನನ್ನ ಅತ್ತೆಯವರು ಬೆಚ್ಚಿ ಮೊಸರಿನ ಪಾತ್ರೆ ಬೀಳಿಸಿದ್ದೂ ಉಂಟು.

ಫ್ಯಾನಿನ ವಿಷಯದಲ್ಲಿ ಸೋತವನು ನಾನೇ. 75 ವ್ಯಾಟಿನದು ದಿನಕ್ಕೆ 10 ತಾಸು ತಿರುಗಿದರೆ ತಿಂಗಳಿಗೆ 22 ಯುನಿಟ್ ಚಿಲ್ಲರೆ. 30 ವ್ಯಾಟಿನ ಬಿಎಲ್‌ಡಿಸಿ ಮೋಟರಿನದಾದರೆ 9. ತಿಂಗಳಿಗೆ 100 ಯುನಿಟ್ ದಾಟಿದರೆ ವಿದ್ಯುತ್ ಕಂಪನಿ ಮಹಾವಿತರಣದ ದರ ಮೇಲಿನ ಮೆಟ್ಟಿಲೇರುತ್ತದೆ, ಆ ಮೆಟ್ಟಿಲು ಕಾಕಾಗೆ ಲಕ್ಷ್ಮಣರೇಖೆ. ಮೂರು ಫ್ಯಾನ್ ಬದಲಿಸಿದೆ. ಲೈಟ್ ಬಿಲ್ ಇಳಿದದ್ದು ನಿಜ. ಅವುಗಳ ಜೊತೆ ಬಂದ ಮೂರು ರಿಮೋಟುಗಳಲ್ಲಿ ಎರಡು ಸೋಫಾದ ಹೊಟ್ಟೆ ಸೇರಿದ್ದೂ ನಿಜ.

ಕಾಕಾ ಬೆಳಿಗ್ಗೆ ವಾಕಿಂಗಿಗೆ ಹೊರಡುವ ಮುನ್ನ ಮೆಟ್ಟಿಲ ಕೆಳಗಿನ ಮೀಟರುಗಳನ್ನೆಲ್ಲ ಓದುತ್ತಾರೆ. ಬರೀ ಅವರದಲ್ಲ, ಎಲ್ಲರದೂ. ಇದು ಅಧಿಕಪ್ರಸಂಗವೆಂದು ಸೊಸೈಟಿಯ ಮೀಟಿಂಗಿನಲ್ಲಿ ದೂರಿದವನು ನಾನೇ.

ಕಳೆದ ಮಳೆಗಾಲದಲ್ಲಿ ಹೆಂಡತಿ ಹುಬ್ಬಳ್ಳಿಗೆ ಹೋಗಿದ್ದಾಗ ನನಗೆ ಚಳಿಜ್ವರ ಬಂತು. ಯಾರಿಗೂ ಹೇಳದೆ ಹೊದ್ದು ಮಲಗಿದ್ದೆ. ಮೂರನೆಯ ಬೆಳಿಗ್ಗೆ ಬೆಲ್ಲಾಯಿತು. ಹೇಗೋ ಎದ್ದು ಬಾಗಿಲು ತೆರೆದೆ.

“ಎರಡು ದಿನದಾಗ ನಿನ್ನ ಮೀಟರು ಎರಡ ಯುನಿಟ್ ಓಡೇತಿ. ಅದು ಬರೇ ಫ್ರಿಜ್ಜಿಂದು. ಗೀಸರ್ ಇಲ್ಲ, ಟಿವಿ ಇಲ್ಲ. ಆರಾಮ ಇಲ್ಲೇನು ತಮ್ಮಾ?”

ಉತ್ತರಕ್ಕೂ ಕಾಯದೆ ಒಳಗೆ ಬಂದು ಹಣೆ ಮುಟ್ಟಿ ನೋಡಿ, ಗಂಜಿಗಿಟ್ಟರು. ನೆಂಚಿಕೊಳ್ಳಲು ಉಪ್ಪಿನಕಾಯಿ ಹುಡುಕುತ್ತಾ ಫ್ರಿಜ್ಜಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಡಬ್ಬಿ ತೆರೆದು ಮೂಸಿ ಮುಚ್ಚಿಟ್ಟು, ತಮ್ಮ ಹೆಂಡತಿ ಹಾಕುತ್ತಿದ್ದ ನಿಂಬೆಕಾಯಿಯ ರುಚಿ ಹೇಳತೊಡಗಿದರು. ಆ ಕಾಕೂ ಹೋಗಿ ಆರು ವರ್ಷ. ಫ್ರಿಜ್ಜಿನ ದೀಪ ಅವರ ಮುಖದ ಮೇಲೆ ಬಿದ್ದಿತ್ತು, ತಣ್ಣನೆಯ ಹೊಗೆ ನೆಲಕ್ಕಿಳಿಯುತ್ತಿತ್ತು. ಐದು ನಿಮಿಷ ಆಗಿರಬೇಕು.

“ಬಾಗಲಾ” ಎನ್ನಲು ಬಾಯಿ ತೆರೆದವನು, ಮಗ್ಗುಲಾಗಿ ಕಣ್ಣು ಮುಚ್ಚಿಕೊಂಡೆ.