ಬಡಿಸಿಕೊಂಡು ಉಣ್ಣುವ ಯೋಗ

ನನಗೆ ಹೋಟೆಲಿನಲ್ಲಿ ಊಟ ಮಾಡಲು ಬರುವುದಿಲ್ಲ. ತಿನ್ನಲು ಬರುತ್ತದೆ, ಅದಕ್ಕೆ ನಮ್ಮ ಮನೆಯ ತೂಕದ ಯಂತ್ರವೇ ಸಾಕ್ಷಿ. ಬಾರದಿರುವುದು ಸುಮ್ಮನೆ ಕೂತು ಬಡಿಸಿಕೊಳ್ಳುವ ವಿದ್ಯೆ. ಮದುವೆಮನೆಗೆ ಹೋದರೆ ವಧೂವರರನ್ನು ನೋಡುವ ಮುಂಚೆ ಒಲೆಯ ಕಡೆ ಹೋಗಿ ಅಡುಗೆ ಭಟ್ಟರನ್ನು ಮಾತಾಡಿಸಿ ಬರುವವಳು ನಾನು. ದರ್ಶಿನಿಯಲ್ಲಿ ನಿಂತು ದೋಸೆ ತಿನ್ನುತ್ತಾ ಕಾವಲಿ ಮುಂದಿನ ಹುಡುಗನಿಗೆ "ಉರಿ ಸಣ್ಣಗೆ ಮಾಡಪ್ಪ" ಎಂದು ಕೂಗಿದ ಮೇಲೆ ನಮ್ಮನೆಯವರು ಆ ದರ್ಶಿನಿಯ ಬೀದಿಯನ್ನೇ ಬಿಟ್ಟಿದ್ದಾರೆ. ಬೆಲ್ಜಿಯಂನ ಲ್ಯೂವೆನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅವಳು, "ಅಮ್ಮಾ, ಬ್ರೂಜ್ ನೋಡ್ಕೊಂಡು ಬರೋಣ. ಅವತ್ತು ನೀನು ಒಲೆ ಹಚ್ಚೋ ಹಾಗಿಲ್ಲ, ಪಾತ್ರೆ ಮುಟ್ಟೋ ಹಾಗಿಲ್ಲ. ಕೂತ್ಕೊಂಡು ಊಟ ಮಾಡ್ಬೇಕು, ಅಷ್ಟೇ" ಎಂದು ಅಪ್ಪಣೆ ಹೊರಡಿಸಿದಳು. ಅಷ್ಟೇ ಅಂದರೆ ಎಷ್ಟು ಕಷ್ಟ ಎಂದು ಅವಳಿಗೇನು ಗೊತ್ತು.

ರೈಲು ಬ್ರಸೆಲ್ಸ್ ದಾಟುವಷ್ಟರಲ್ಲಿ ನಮ್ಮನೆಯವರ ಉಪನ್ಯಾಸ ಶುರುವಾಯಿತು. ರಾತ್ರಿ ಫೋನಿನಲ್ಲಿ ಓದಿದ್ದನ್ನು ಬೆಳಗ್ಗೆ ಅಳಿಯನಿಗೆ ಒಪ್ಪಿಸದಿದ್ದರೆ ಅವರಿಗೆ ಅಜೀರ್ಣ. ಒಂದು ಕಾಲಕ್ಕೆ ಬ್ರೂಜ್ ಯುರೋಪಿನ ಭಾರಿ ವ್ಯಾಪಾರದ ಪಟ್ಟಣ. ಇಂಗ್ಲೆಂಡಿನಿಂದ ಉಣ್ಣೆ ಬರುತ್ತಿತ್ತು, ಇಲ್ಲಿಂದ ಬಟ್ಟೆ ಹೋಗುತ್ತಿತ್ತು, ಇಟಲಿಯ ಸಾಹುಕಾರರು ಬಂದು ಮನೆಯನ್ನೇ ಮಾಡಿಕೊಂಡಿದ್ದರು. ಆಮೇಲೆ ಜ್ವಿನ್ ಎಂಬ ಸಮುದ್ರದ ಕವಲಿನಲ್ಲಿ ಹೂಳು ತುಂಬುತ್ತಾ ಬಂತು. 1500ರ ಹೊತ್ತಿಗೆ ಹಡಗುಗಳೂ ವ್ಯಾಪಾರವೂ ಆಂಟ್ವರ್ಪ್ ಕಡೆಗೆ ಮುಖ ತಿರುಗಿಸಿದವು. ಹಳೇ ಮನೆ ಕೆಡವಿ ಹೊಸದು ಕಟ್ಟಿಸಲು ಊರಿನವರ ಕೈಯಲ್ಲಿ ಕಾಸಿಲ್ಲ. ಊರು ಇದ್ದ ಹಾಗೇ ಉಳಿಯಿತು, 2000ದಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಮೈಸೂರಿನ ನಮ್ಮ ಅಡುಗೆಮನೆಯ ಕಡಪಾ ಕಲ್ಲಿನ ಕಟ್ಟೆ ಇನ್ನೂ ಉಳಿದಿರುವುದೂ ಇದೇ ಕಾರಣಕ್ಕೆ ಎಂದು ನಾನು ಅಳಿಯನ ಎದುರಿಗೇ ಹೇಳಿದೆ. "ಯುನೆಸ್ಕೋದವರು ಬರೋವರೆಗೂ ಕಾಯೋಣ" ಎಂದು ಅವರು ಕಿಟಕಿಯಾಚೆ ನೋಡತೊಡಗಿದರು.

ಊರು ಚೆಂದವೇ. ಕಾಲುವೆ, ಕಾಲುವೆಗೆ ಗೋಡೆ ತಾಗಿಸಿಕೊಂಡು ನಿಂತ ಇಟ್ಟಿಗೆ ಮನೆಗಳು, ಹಂಸಗಳು, ಕಲ್ಲು ಹಾಸಿದ ಬೀದಿಗಳು. ಆ ಕಲ್ಲುಗಳ ಮೇಲೆ ನಡೆದವರಿಗೆ ಮಂಡಿ ಎಂಬ ಅಂಗ ಎಲ್ಲಿದೆ ಎಂದು ಬೇರೆ ಯಾರೂ ತೋರಿಸಬೇಕಾಗಿಲ್ಲ. ಚೌಕದಲ್ಲಿ 83 ಮೀಟರ್ ಎತ್ತರದ ಗಂಟೆ ಗೋಪುರ, 366 ಮೆಟ್ಟಿಲು. ನಾನು ಖಜಾನೆ ಕೋಣೆಯವರೆಗೆ ಹತ್ತಿ ಅಲ್ಲೇ ಠಿಕಾಣಿ ಹೂಡಿದೆ. ಊರಿನ ಹಕ್ಕುಪತ್ರಗಳನ್ನು ಹಿಂದೆ ಅಲ್ಲಿ ಕಬ್ಬಿಣದ ಬಾಗಿಲ ಹಿಂದೆ ಇಡುತ್ತಿದ್ದರಂತೆ. ಹಲವು ಬೀಗ, ಒಂದೊಂದು ಕೀಲಿ ಒಬ್ಬೊಬ್ಬರ ಕೈಯಲ್ಲಿ. "ನೋಡಿದ್ಯಾ, ಕೀಲಿ ಒಬ್ಬರ ಹತ್ರವೇ ಇರಬಾರದು" ಎಂದರು ಸಕ್ಕರೆ ಕಾಯಿಲೆಯ ನಮ್ಮನೆಯವರು. ಮಾತು ಹಕ್ಕುಪತ್ರದ ಮೇಲೆ, ಮನಸ್ಸು ನಮ್ಮ ಉಗ್ರಾಣದ ಬೆಲ್ಲದ ಡಬ್ಬಿಯ ಮೇಲೆ.

ಕೆಳಗಿಳಿದ ಮೇಲೆ ಅವರಿಗೆ ತಡೆಯಲಾರದ ಹಸಿವು. ಬೀದಿಯಲ್ಲಿ ಎಲ್ಲೋ ಒಂದು ಕಡೆ ಕಾಗದದ ಪೊಟ್ಟಣದಲ್ಲಿ ಆಲೂಗಡ್ಡೆ ಫ್ರೈಸ್ ಕೊಂಡು, ಮೇಲೆ ಮೇಯನೇಸ್ ಸುರಿಸಿಕೊಂಡು, ನಾವು ಒಂದು ಬೆರಳು ಹಾಕುವಷ್ಟರಲ್ಲಿ ಮುಗಿಸಿದರು. ಈ ಪೊಟ್ಟಣವನ್ನು ನೆನಪಿಡಿ.

ಊಟಕ್ಕೆ ಕೂತದ್ದು ಕಾಲುವೆ ಪಕ್ಕದ ಒಂದು ಹಳೇ ಮನೆಯಲ್ಲಿ. ಮರದ ತೊಲೆಗಳು, ಬಿಳಿ ಮೇಜುಬಟ್ಟೆ. ಮೆನುವಿನಲ್ಲಿ ಬಿಯರಿನಲ್ಲಿ ಬೇಯಿಸಿದ ದನದ ಮಾಂಸ, ಬಿಯರಿನಲ್ಲಿ ಬೇಯಿಸಿದ ಮೊಲ, ಹಸಿರು ಸೊಪ್ಪಿನ ಸಾರಿನಲ್ಲಿ ಹಾವುಮೀನು. ಬೆರಳಿಟ್ಟು ಹುಡುಕುತ್ತಾ ಹೋದರೆ ಕೊನೆಗೆ ನಮ್ಮ ಪಾಲಿಗೆ ಉಳಿದದ್ದು ಚೀಸ್ ಕ್ರೋಕೆಟ್. ಜೊತೆಗೆ ಸಲಾಡ್, ಫ್ರೈಸ್. ನೀರು ಕೇಳಿದರೆ ಬಾಟಲಿಯಲ್ಲಿ ತಂದು ಬಿಲ್ಲಿಗೆ ಸೇರಿಸುತ್ತಾರೆ. ನಮ್ಮನೆಯವರು ಜೀವಮಾನವೆಲ್ಲ ಲೆಕ್ಕ ಬರೆದವರು. ನೀರಿನ ಬೆಲೆಯನ್ನೂ ಬಿಯರಿನ ಬೆಲೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ, "ಇಷ್ಟು ಸಣ್ಣ ವ್ಯತ್ಯಾಸಕ್ಕೆ ನೀರು ಕುಡಿಯೋದು ನಷ್ಟ" ಎಂದು ತೀರ್ಪು ಕೊಟ್ಟರು. ಉಳಿತಾಯದ ಹೆಸರಿನಲ್ಲಿ ಬಿಯರ್ ಬಂತು.

ಬಿಯರ್ ಬಂದ ಮೇಲೆ ಅಳಿಯ ಪೈಪಿನ ಕಥೆ ತೆಗೆದರು. ಈ ಊರಿನ ಒಳಗೇ ಹಾಲ್ವೆ ಮಾನ್ ಎಂಬ, ಬಿಯರ್ ತಯಾರಿಸುವ ಹಳೇ ಕಾರ್ಖಾನೆ ಇದೆ, ಬಾಟಲಿಗೆ ತುಂಬುವ ಕಾರ್ಖಾನೆ ಊರಾಚೆ ಇದೆ. ಟ್ಯಾಂಕರ್ ಲಾರಿಗಳು ಈ ಸಂದಿಗಳಲ್ಲಿ ಓಡಾಡಿದರೆ ಕಲ್ಲುಬೀದಿಯ ಗತಿ ಏನು ಎಂದು 2016ರಲ್ಲಿ ನೆಲದಡಿಯಲ್ಲಿ ಸುಮಾರು 3 ಕಿಲೋಮೀಟರ್ ಪೈಪು ಹಾಕಿ ಬಿಯರನ್ನೇ ಹರಿಸಿದರು. ಅದಕ್ಕೆ ಜನರೂ ಹಣ ಹಾಕಿದ್ದರು. ಹೆಚ್ಚು ಕೊಟ್ಟವರಿಗೆ ಜೀವನಪೂರ್ತಿ ದಿನಕ್ಕೊಂದು ಬಾಟಲಿ ಬಿಯರ್. "ಇಂಥ ಪೆನ್ಷನ್ ಸ್ಕೀಮು ನಮ್ಮಲ್ಲಿ ಯಾಕೆ ಬರಲಿಲ್ಲ" ಎಂದು ನಮ್ಮನೆಯವರು ಮರುಗಿದರು. ನನ್ನ ಅನುಮಾನವೇ ಬೇರೆ. ನಮ್ಮ ಬೀದಿಗೆ ನೀರು ಬಿಡುವವನಿಗೆ ಹಬ್ಬಕ್ಕೆ ಏನಾದರೂ ಕೊಡುತ್ತೇವಲ್ಲ, ಇಲ್ಲಿ ವಾಲ್ವ್ ತಿರುಗಿಸುವವನಿಗೆ ಏನು ಕೊಡುತ್ತಾರೆ?

ಪಕ್ಕದ ಮೇಜಿನಲ್ಲಿ ವಯಸ್ಸಾದ ಗಂಡ ಹೆಂಡತಿ ಮಸಲ್ ತಿನ್ನುತ್ತಿದ್ದರು. ನಮ್ಮ ಕರಾವಳಿಯವರು ಪಚ್ಚಿಲೆ ಅನ್ನುತ್ತಾರಲ್ಲ, ಅದರ ಬಳಗದ ಕಪ್ಪು ಚಿಪ್ಪಿನದು. ತಿನ್ನದ ಪದಾರ್ಥವನ್ನು ಅಷ್ಟು ಹೊತ್ತು ನೋಡಬಾರದು, ಆದರೂ ನೋಡಿದೆ. ಕಪ್ಪು ಪಾತ್ರೆ ಒಲೆಯಿಂದ ನೇರ ಮೇಜಿಗೆ ಬಂದಿತ್ತು. ಮುಚ್ಚಳ ತೆಗೆದಾಗ ಈರುಳ್ಳಿ, ಸೆಲೆರಿ, ವೈನಿನ ಆವಿ ನನ್ನ ಮೂಗಿನವರೆಗೂ ಬಂತು. ಆಕೆ ಮೊದಲನೆಯದನ್ನು ಫೋರ್ಕಿನಿಂದ ತೆಗೆದು ತಿಂದು, ಬರಿದಾದ ಚಿಪ್ಪಿನ ಜೋಡಿಯನ್ನೇ ಚಿಮುಟ ಮಾಡಿಕೊಂಡು ಉಳಿದವನ್ನೆಲ್ಲ ಟಕ್ ಟಕ್ ಎಂದು ಹೆಕ್ಕಿ ಬಾಯಿಗಿಟ್ಟುಕೊಳ್ಳುತ್ತಿದ್ದರು. ಖಾಲಿ ಚಿಪ್ಪುಗಳು ಬೋರಲು ಹಾಕಿದ ಮುಚ್ಚಳಕ್ಕೆ. ಅಂದರೆ ಚಮಚ ಬೇಡ, ಬಡಿಸುವ ಪಾತ್ರೆ ಬೇಡ, ಎಂಜಲು ತಟ್ಟೆಯೂ ಬೇಡ. ಇದನ್ನು ಕಂಡುಹಿಡಿದವರು ಅಡುಗೆಯವರಲ್ಲ, ಪಾತ್ರೆ ತೊಳೆದು ಬೇಸತ್ತ ಯಾರೋ ಪುಣ್ಯಾತ್ಗಿತ್ತಿ. ಆಕೆಯ ದಿಕ್ಕಿಗೆ ಮನಸ್ಸಿನಲ್ಲೇ ಕೈಮುಗಿದೆ.

ನಮ್ಮ ತಟ್ಟೆಗಳೂ ಬಂದವು. ಕ್ರೋಕೆಟ್ಟಿನ ಹೊರಗೆ ಬ್ರೆಡ್ ಪುಡಿಯ ಗರಿ ಗರಿ ಪದರ, ಚಾಕು ತಾಗಿಸಿದರೆ ಒಳಗಿನಿಂದ ಬಿಸಿ ಚೀಸ್ ಹರಿದು ಬಂತು. ಪಕ್ಕದಲ್ಲಿ ಕರಿದ ಪಾರ್ಸ್ಲಿ ಸೊಪ್ಪು, ನಿಂಬೆ ಹೋಳು. ಸುಮ್ಮನೆ ತಿನ್ನಬಹುದಿತ್ತು. ಇಷ್ಟು ತೆಳ್ಳಗಿರುವ ಹೂರಣ ಬಾಣಲೆಯಲ್ಲಿ ಒಡೆಯದೆ ಹೇಗೆ ಉಳಿಯಿತು? ವೇಟರ್ ಹುಡುಗನನ್ನು ಕರೆದು ಕೇಳಿಯೇಬಿಟ್ಟೆ. ಪಾಪ, ವಿವರವಾಗಿ ಹೇಳಿದ: ಬಿಳಿ ಸಾಸಿಗೆ ಚೀಸ್ ಕರಗಿಸಿ, ತಣ್ಣಗೆ ಗಟ್ಟಿಯಾಗಲು ಬಿಟ್ಟು, ಕತ್ತರಿಸಿ, ಮೊಟ್ಟೆಯಲ್ಲಿ ಅದ್ದಿ, ಪುಡಿಯಲ್ಲಿ ಹೊರಳಿಸಿ ಕರಿಯುವುದು. ಮೊಟ್ಟೆಗೆ ನಾನು ಕೇಕಿನ ಕಾಲದಿಂದಲೇ ರಿಯಾಯಿತಿ ಕೊಟ್ಟಿದ್ದೇನೆ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಫ್ರೈಸ್ ಎಷ್ಟು ಸಲ ಕರೀತೀರಾ?" ಎಂದೆ. ಎರಡು ಸಲ. ಮೊದಲು ಸಣ್ಣ ಕಾವಿನಲ್ಲಿ ಒಳಗೆ ಬೇಯಲು, ಆರಿದ ಮೇಲೆ ಜೋರು ಕಾವಿನಲ್ಲಿ ಗರಿಯಾಗಲು. "ಯಾವ ಎಣ್ಣೆ?"

ಹುಡುಗ ಹೆಮ್ಮೆಯಿಂದ ನೆಟ್ಟಗೆ ನಿಂತ. ಎಣ್ಣೆಯಲ್ಲ ಮೇಡಂ, ನಮ್ಮ ಹಿಂದಿನವರ ಕ್ರಮದಲ್ಲೇ ದನದ ಕೊಬ್ಬು, ಅದಿಲ್ಲದೆ ಈ ರುಚಿ ಬರುವುದಿಲ್ಲ ಅಂದ. ಕ್ರೋಕೆಟ್ ಮಾತ್ರ ಬೇರೆ ಬಾಣಲೆ, ಸಸ್ಯದೆಣ್ಣೆ.

ಮೇಜಿನ ಮೇಲೆ ಮೌನ. ಬೆಳಗಿನ ಪೊಟ್ಟಣ ಎಲ್ಲರಿಗೂ ಒಟ್ಟಿಗೆ ನೆನಪಾಯಿತು. ನಮ್ಮನೆಯವರು ಬಿಯರಿನ ಲೋಟ ಕೆಳಗಿಟ್ಟು ನನ್ನನ್ನೇ ದುರುಗುಟ್ಟಿ ನೋಡಿದರು.

"ಈಗ ಯಾಕೆ ಕೇಳಿದೆ?"

"ಮತ್ತೆ ಯಾವಾಗ ಕೇಳ್ಲಿ?"

"ಕೇಳ್ಲೇಬಾರದಿತ್ತು. ತಿಳಿಯದೆ ತಿಂದರೆ ದೋಷವಿಲ್ಲ. ನೀನು ಕೇಳಿದೆ, ಅವನು ಹೇಳಿದ, ದೋಷ ಬಂತು. ನಾನು ತಿಂದದ್ದಕ್ಕಲ್ಲ, ನೀನು ಕೇಳಿದ್ದಕ್ಕೆ."

ಮೂವತ್ತು ವರ್ಷ ಆಡಿಟರುಗಳನ್ನು ನಿಭಾಯಿಸಿದವರ ಎದುರು ನನ್ನ ವಾದ ಎಲ್ಲಿ ನಿಲ್ಲಬೇಕು. ನಮ್ಮ ಫ್ರೈಸ್ ಬಟ್ಟಲು ಅಳಿಯನ ಕಡೆ ಸರಿಯಿತು. ಅವರು ಯಾವ ಪ್ರಶ್ನೆಯನ್ನೂ ಕೇಳದೆ ಮುಗಿಸಿದರು.

ಊಟವಾದ ಮೇಲೆ ಬಿಲ್ಲು ಬರಲೇ ಇಲ್ಲ. ಕೇಳುವವರೆಗೂ ತರುವುದಿಲ್ಲವಂತೆ, ಎದ್ದು ಹೋಗಿ ಅಂದ ಹಾಗಾಗುತ್ತದಂತೆ. ಆರಾಮವಾಗಿ ಕೂತಿರುವುದೇ ಮರ್ಯಾದೆ. ನನ್ನಿಂದ ಹೇಗಾಗಬೇಕು? ಎರಡು ಗಂಟೆ ದಾಟಿತ್ತು. ಈ ಊರಿನ ಅಡುಗೆಯವರು ಆ ಹೊತ್ತಿಗೆ ಒಲೆ ಆರಿಸಿದರೆ ಮತ್ತೆ ಹಚ್ಚುವುದು ಸಂಜೆ ಆರಕ್ಕೆ ಎಂದು ಮಗಳು ಹೇಳಿದ್ದಳು. ಒಳಗೆ ಯಾರೋ ಸೊಂಟದ ಮೇಲೆ ಕೈಯಿಟ್ಟುಕೊಂಡು ನಾವು ಏಳುವುದನ್ನೇ ಕಾಯುತ್ತಿರುತ್ತಾರೆ. ನನ್ನ ಕೈ ತನ್ನಷ್ಟಕ್ಕೆ ಕೆಲಸಕ್ಕೆ ಇಳಿಯಿತು. ದೊಡ್ಡ ತಟ್ಟೆ ಕೆಳಗೆ, ಸಣ್ಣದು ಮೇಲೆ, ಚಮಚ ಫೋರ್ಕು ಒಂದು ಪಕ್ಕಕ್ಕೆ. ಬ್ರೆಡ್ಡಿನ ಚೂರುಗಳನ್ನು ಅಂಗೈಗೆ ಒತ್ತರಿಸಿಕೊಂಡು, ಮೇಜು ಒರೆಸಲು ಕಾಗದದ ಕರವಸ್ತ್ರವನ್ನು ನೀರಿನಲ್ಲಿ ಅದ್ದುತ್ತಿದ್ದೆ, ಅದೂ ದುಡ್ಡು ಕೊಟ್ಟ ನೀರಿನಲ್ಲಿ.

"ಅಮ್ಮಾ! ಬಿಡು! ಎಲ್ರೂ ನೋಡ್ತಿದಾರೆ!"

ವೇಟರ್ ಓಡಿ ಬಂದು ತಟ್ಟೆಗಳ ಗೋಪುರವನ್ನು ನನ್ನ ಕೈಯಿಂದ ಬಿಡಿಸಿಕೊಂಡ. ಪಕ್ಕದ ಮೇಜಿನ ಆಕೆ ಮಾತ್ರ ನನ್ನನ್ನು ನೋಡಿ ತಲೆದೂಗಿದರು. ಅವರಿಗೆ ಗೊತ್ತಾಯಿತು.

ಆಮೇಲೆ ಬೆಗೈನ್‌ಹೋಫ್‌ಗೆ ಹೋದೆವು. 1245ರಲ್ಲಿ ಶುರುವಾದ ಹೆಂಗಸರ ವಠಾರ. ಗೋಡೆಗಳಿಗೆಲ್ಲ ಬಿಳಿ ಬಣ್ಣ, ನಡುವೆ ಎತ್ತರದ ಮರಗಳು. ಬೆಗೀನ್ ಹೆಂಗಸರು ಇಲ್ಲಿ ಗಂಡಂದಿರ ಹಂಗಿಲ್ಲದೆ, ಸನ್ಯಾಸಿನಿಯರ ಹಾಗೆ ಜೀವಮಾನದ ವ್ರತವನ್ನೂ ತೊಡದೆ, ದುಡಿದು ಬದುಕುತ್ತಿದ್ದರು. ಬೇಡ ಅನಿಸಿದರೆ ಹೊರಟುಹೋಗುವ ಸ್ವಾತಂತ್ರ್ಯವೂ ಇತ್ತು. 1927ರಿಂದ ಇಲ್ಲಿರುವವರು ಬೆನೆಡಿಕ್ಟೀನ್ ಸನ್ಯಾಸಿನಿಯರು. ಬೆಗೀನ್‌ಗಳ ಬಳಿ ಒಂದು ಬಗೆಯ ಊಟದ ಕಪಾಟು ಇರುತ್ತಿತ್ತು ಎಂದಳು ಮಗಳು. ಒಳಗೆ ತನ್ನ ತಟ್ಟೆ ಲೋಟ, ನಡುವಿನ ಹಲಗೆ ಎಳೆದರೆ ಅದೇ ಮೇಜು. ಒಬ್ಬಳಿಗೆ ಮಾತ್ರ. ಊಟ ಮುಗಿದರೆ ಹಲಗೆ ಒಳಕ್ಕೆ ತಳ್ಳಿ ಬಾಗಿಲು ಹಾಕಿದರಾಯಿತು. "ಇನ್ನೊಂದು ಚೂರು ಹುಳಿ" ಎನ್ನುವವರು ಎದುರಿಗಿಲ್ಲ. ನಾನು ಕಲ್ಲಿನಂಚಿನ ಮೇಲೆ ಕೂತುಬಿಟ್ಟೆ. ಒಳಗಿನ ಅಂಗಳದಲ್ಲಿ ಮೌನ ಪಾಲಿಸಿ ಎಂಬ ಫಲಕವಿತ್ತು. ನಮ್ಮನೆಯವರು ಅದನ್ನು ಓದಿ, ಪಿಸುದನಿಯಲ್ಲಿ, "ಹೊರಡೋಣ್ವಾ? ಹೊತ್ತಾಯ್ತು" ಎಂದರು. ಅಷ್ಟು ಆತಂಕವನ್ನು ಅವರ ಮುಖದಲ್ಲಿ ನಾನು ಬಜೆಟ್ಟಿನ ದಿನವೂ ಕಂಡಿಲ್ಲ.

ನಾಲ್ಕಕ್ಕೆ ಅವರಿಗೆ ಮತ್ತೆ ಹಸಿವು. ಅಡುಗೆಮನೆಗಳೆಲ್ಲ ಬಂದ್, ಸಿಕ್ಕಿದ್ದು ವಾಫಲ್. ಬ್ರಸೆಲ್ಸ್ ಬಗೆಯದು ಆಯತ, ಹಗುರ. ಲಿಯೇಜ್ ಬಗೆಯದರ ಹಿಟ್ಟಿನಲ್ಲಿ ಸಕ್ಕರೆ ಹರಳುಗಳಿದ್ದು, ಅಚ್ಚಿನ ಬಿಸಿಗೆ ಕರಗಿ ಅಂಚೆಲ್ಲ ಕಂದು ಪಾಕ. ಸಕ್ಕರೆ ಕಾಯಿಲೆಯವರು ಯಾವುದನ್ನು ಆರಿಸಿದರೆಂದು ಹೇಳಬೇಕಾಗಿಲ್ಲ. ನಾನು ಏನನ್ನೂ ಕೇಳಕೂಡದೆಂದು ಮಗಳು ನನ್ನ ತೋಳು ಹಿಡಿದೇ ನಿಂತಿದ್ದಳು.

ವಾಪಸ್ ರೈಲಿನಲ್ಲಿ ನಮ್ಮನೆಯವರು ಕಣ್ಣು ಮುಚ್ಚಿಕೊಂಡೇ, "ರಾತ್ರಿಗೇನೇ?" ಎಂದರು.

"ಅಡುಗೆಮನೆ ಬಂದ್. ಬುಕ್ಕಿಂಗ್ ಮಾಡ್ಸಿದ್ರೆ ಹೇಳಿ."

ಅಳಿಯ ಜೋರಾಗಿ ನಕ್ಕರು. ಮಗಳು ನಗಲಿಲ್ಲ. "ಹಾಗಾದ್ರೆ ಬೆಳಗ್ಗೆ ಹೊರಡೋ ಮುಂಚೆ ಹೆಸರುಕಾಳು ನೆನೆಹಾಕಿದ್ದು ಯಾರಮ್ಮಾ?"

ನೆನೆಹಾಕಿದ್ದೆ ಅಷ್ಟೇ, ಒಲೆ ಹಚ್ಚಿರಲಿಲ್ಲವಲ್ಲ, ಎಂದೆ.