ಮೇಲೆ ತುಪ್ಪ ಸವರಿಡಿ

ಹೊಟ್ಟೆಯೊಳಗೆ ಅಪೆಂಡಿಕ್ಸ್ ಯಾವ ಮೂಲೆಯಲ್ಲಿ ಅಡಗಿ ಕೂತಿದ್ದರೂ ಹುಡುಕಿ ತೆಗೆಯಬಲ್ಲ ಸರ್ಜನ್ ನಾನು. ವಾಟ್ಸಾಪಿನೊಳಗೆ ಮಾತ್ರ ಯಾರಿಗೆ ಏನು ಕಳಿಸಿದೆನೆಂಬುದು ಕಳಿಸಿದ ಮೇಲೆಯೇ ಗೊತ್ತಾಗುವುದು. ಆದರೂ ಶಿವಮೊಗ್ಗದಲ್ಲಿ ಕೂತು ಭದ್ರಾವತಿಯವರ ಹೊಲಿಗೆ ನೋಡುವ ಚಟ ಬಿಟ್ಟಿಲ್ಲ. ಅದಕ್ಕೆ ಸರ್ಕಾರದ ಒಪ್ಪಿಗೆಯೂ ಇದೆ. ಲಾಕ್‌ಡೌನ್ ಶುರುವಾದ 2020ರ ಮಾರ್ಚ್ 25ರಂದೇ ಹೊರಬಿದ್ದ ಟೆಲಿಮೆಡಿಸಿನ್ ಮಾರ್ಗಸೂಚಿ, ವಿಡಿಯೋ, ಫೋನು, ಮೆಸೇಜು ಮೂರರಲ್ಲೂ ಸಲಹೆ ಕೊಡಬಹುದೆಂದಿತು. ಬಿ.ಎಚ್. ರಸ್ತೆಯಲ್ಲಿ ಬಸ್ಸಿನಲ್ಲಿ ಕುಲುಕಿ ಬಂದು, ಅಂಗಿ ಎತ್ತಿ ತೋರಿಸಿ ಹೋಗುವ ಬದಲು ಒಂದು ಫೋಟೋ ಸಾಕು.

ಯುಗಾದಿಯೆಂದು ಅಪೆಂಡಿಕ್ಸ್ ರಜೆ ಹಾಕುವುದಿಲ್ಲ. ಅವತ್ತು ಎರಡು ಆಪರೇಷನ್ ಮಧ್ಯೆ ಗ್ಲೌಸ್ ಬಿಚ್ಚಿ ನೋಡಿದರೆ ಎರಡು ಫೋಟೋ. ಒಂದು, ಹರ್ನಿಯಾ ಆಪರೇಷನ್ ಆಗಿದ್ದ ಭದ್ರಾವತಿಯ ಯಜಮಾನರ ಹೊಟ್ಟೆ. ಇನ್ನೊಂದು, ದುರ್ಗಿಗುಡಿಯ ಅತ್ತಿಗೆಯ ಹೋಳಿಗೆ. ಎರಡರ ಕೆಳಗೂ ಒಂದೇ ಪ್ರಶ್ನೆ: ‘ಹೇಗಿದೆ?’ ಚಕಚಕನೆ ಉತ್ತರ ಒತ್ತಿ ಕೈ ತೊಳೆಯಲು ಹೋದೆ.

ತಿರುಗಿ ಬಂದು ನೋಡಿದರೆ ಅತ್ತಿಗೆಗೆ ಹೋಗಿತ್ತು: ‘ಊತ ಇಲ್ಲ, ಕೀವು ಇಲ್ಲ, ಪೂರ್ತಿ ಒಣಗಿದೆ. ಸೋಮವಾರ ಬನ್ನಿ, ಕತ್ತರಿಸಿ ತೆಗೆಯೋಣ.’ ಯಜಮಾನರಿಗೆ ಹೋಗಿತ್ತು: ‘ಆಹಾ, ಹದವಾಗಿ ಬೆಂದಿದೆ! ಮೇಲೆ ತುಪ್ಪ ಸವರಿಡಿ. ರಾತ್ರಿ ಬಂದು ತಿನ್ನುತ್ತೇನೆ.’

ಅತ್ತಿಗೆಯ ಉತ್ತರ ಒಂದೇ ಪದ: ‘ಕೀವು?’

ಅಳಿಸೋಣವೆಂದರೆ ಎರಡೂ ಕಡೆ ನೀಲಿ ಟಿಕ್ಕು ಬಿದ್ದಾಗಿದೆ. ಸಾಲದ್ದಕ್ಕೆ ರೋಗಿಯ ಜೊತೆಗಿನ ಮೆಸೇಜುಗಳನ್ನು ದಾಖಲೆಯಾಗಿ ಕಾಪಾಡಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಸಲಹೆಗೆ ಮೊದಲು ಹೆಸರು, ವಯಸ್ಸು ಖಚಿತ ಮಾಡಿಕೊಳ್ಳಿ ಎಂದೂ ಹೇಳುತ್ತದೆ. ಹೋಳಿಗೆಯ ವಯಸ್ಸು ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಯಜಮಾನರಿಗೆ ಫೋನ್ ಮಾಡಿದೆ. 1923ರಿಂದ ಕಬ್ಬಿಣ ಕರಗಿಸಿದ ಊರಿನವರು. ಕಾರ್ಖಾನೆಯಲ್ಲಿ ಮೇಲಿನವರ ಮಾತಿಗೆ ಒಂದು ದಿನವೂ ಎದುರಾಡದೆ ರಿಟೈರ್ ಆದವರು. ನನ್ನ ಭಯವೂ ಅದೇ.

‘ಹಚ್ಚಿಬಿಟ್ರಾ?’ ಎಂದೆ.

‘ಇನ್ನೂ ಇಲ್ಲ ಡಾಕ್ಟ್ರೇ, ತುಪ್ಪ ಕರಗಕ್ಕೆ ಇಟ್ಟಿದೀವಿ,’ ಎಂದರು. ಆಮೇಲೆ ಸಂಕೋಚದಿಂದ, ‘ನಮ್ಮನೆಯವಳು ಕೇಳ್ತಿದಾಳೆ, ರಾತ್ರಿ ತಿನ್ನಕ್ಕೆ ನೀವೊಬ್ರೇ ಬರ್ತೀರೋ, ಅಮ್ಮಾವ್ರೂ ಬರ್ತಾರೋ?’